ಸಾಹೇಬರ ಚಾಕು, ಮಲೀಕಸಾಬನ ಚೂರಿ

“ಆ ಚಾಕು ನಾ ಮುಟ್ಟಂಗಿಲ್ರಿ,” ಎಂದ ಅಡುಗೆಯ ಮಲೀಕಸಾಬ.

ಬಾದಾಮಿಯ ಸರಕಾರಿ ಬಂಗಲೆಯ ಅಡುಗೆಮನೆಯಲ್ಲಿ ಇಂಜಿನಿಯರ್ ಸಾಹೇಬರಿಗೆ ಹೀಗೆ ಎದುರು ನುಡಿದವರು ಇನ್ನೊಬ್ಬರಿರಲಿಲ್ಲ. ಸಾಹೇಬರ ಕೈಯಲ್ಲಿ ಮುಂಬಯಿಯಿಂದ ತರಿಸಿದ ಹೊಸ ಚಾಕು. ಅಗಲ ಅಲಗು, ಅಂಚಿಗೆಲ್ಲ ಗರಗಸದ ಹಲ್ಲು. ಒಲೆಯ ಮೇಲೆ, ಕೆಳಗೂ ಮುಚ್ಚಳದ ಮೇಲೂ ನಿಗಿನಿಗಿ ಕೆಂಡವಿಟ್ಟ ತಾಮ್ರದ ಪಾತ್ರೆಯಲ್ಲಿ, ಆರು ಕಿಲೋದ ಟರ್ಕಿ ಕೋಳಿ ಇಡಿಯಾಗಿ ಬೇಯುತ್ತಿತ್ತು.

“ಇಂಥ ಹಕ್ಕಿ ಕೊಯ್ಯುವುದಕ್ಕೆಂದೇ ಮಾಡಿದ ಚಾಕು ಇದು. ಡಬ್ಬಿಯ ಮೇಲೆ ಚಿತ್ರವೇ ಇದೆ, ನೋಡು,” ಎಂದರು ಸಾಹೇಬರು.

“ಚಿತ್ರದಾಗಿನ ಕೋಳಿ ಕೊಯ್ಯಾಕ ಛಲೋ ಐತ್ರಿ. ಈ ಹಲ್ಲು ಮಾಂಸ ಹರೀತಾವ, ಕೊಯ್ಯಂಗಿಲ್ಲ.”

ಮಲೀಕಸಾಬ ಗೋಡೆಗೆ ಸಿಕ್ಕಿಸಿದ್ದ ತನ್ನ ಎರಡು ಚೂರಿಗಳನ್ನು ಇಳಿಸಿದ. ಕುಳಗೇರಿ ಕ್ರಾಸಿನ ಕಮ್ಮಾರ ಕಾಳಪ್ಪ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು ಮಾಡಿಕೊಟ್ಟವು. ಒಂದು ಉದ್ದ, ಬೆರಳಗಲ, ಎದೆಯ ಮಾಂಸಕ್ಕೆ. ಇನ್ನೊಂದು ಗಿಡ್ಡ, ಗಟ್ಟಿ, ಕೀಲು ಬಿಡಿಸುವುದಕ್ಕೆ.

ಜರ್ಮನಿಯ ಮೇಡಂ ಬಂಗಲೆಗೆ ಬಂದು ಅಂದಿಗೆ ಆರನೆಯ ದಿನ. ಗುಹೆಗಳ ಕೆತ್ತನೆ ಅಳೆದು ಬರೆದುಕೊಳ್ಳಲು, ಅದಕ್ಕೆಂದೇ ಪುಸ್ತಕದ ಕನ್ನಡ ಕಲಿತು ಬಂದವರು. ಮೊದಲ ದಿನ ಆಕೆ ಕೋಳಿ ಸಾರನ್ನು ಹಾಗೇ ಬಿಟ್ಟು ಎದ್ದಿದ್ದರು. ಸಾಹೇಬರು ಆಕೆಯ ಎದುರಿಗೇ ಮಲೀಕಸಾಬನನ್ನು ಝಾಡಿಸಿದ್ದರು. “ಬಾಯಿಗಿಡುವಂಥ ಅಡುಗೆ ಬರುವುದಿಲ್ಲವೆ ನಿನಗೆ? ಹುಬ್ಬಳ್ಳಿಯಿಂದ ಬೇರೆಯವನನ್ನು ಕರೆಸುತ್ತೇನೆ!” ಇಪ್ಪತ್ತೆರಡು ವರ್ಷ ಆ ಒಲೆ ಊದಿದವನು ಅಂದು ರಾತ್ರಿ ಉಣ್ಣದೆ ಮಲಗಿದ್ದ.

ಮರುದಿನ ಅವನು ಖಾರ ಕಡಿಮೆ ಹಾಕಿದ. ಶಹಬ್ಬಾಸ್! ತಟ್ಟೆ ತೊಳೆದಿಟ್ಟ ಹಾಗೆ ವಾಪಸು ಬಂತು. ಅಂದಿನಿಂದ ದಿನಾ ಹಾಗೆಯೇ, ಒಂದು ಎಲುಬೂ ಉಳಿಯುತ್ತಿರಲಿಲ್ಲ. ಅಷ್ಟು ತಿಂದ ಮೇಲೂ ಮೇಡಂ ಹಿತ್ತಲಿಗೆ ಬಂದು, ಅವನ ಹೆಂಡತಿ ಲಾಲಬಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಚಟ್ನಿ ಹಚ್ಚಿ ತಿನ್ನುತ್ತಿದ್ದರು. ಅಬ್ಬಾ, ಇದೆಂಥ ಹೊಟ್ಟೆ! ಮಲೀಕಸಾಬನಿಗೆ ಬೆರಗು, ಒಳಗೊಳಗೇ ಹಿಗ್ಗು. ಬಂಗಲೆಯ ಬಡಕಲು ನಾಯಿಗೂ ಆಕೆಯನ್ನು ಕಂಡರೆ ಪ್ರಾಣ, ಊಟದ ಹೊತ್ತಿಗೆ ಕುರ್ಚಿಯ ಕೆಳಗೇ ಬಿದ್ದಿರುತ್ತಿತ್ತು.

ಇಂದು ಬೀಳ್ಕೊಡುಗೆಯ ಊಟ. ತಹಶೀಲ್ದಾರರು ಬಂದಿದ್ದರು. ಮೇಡಂಗೆ ಅವರ ದೇಶದ ಹಬ್ಬದೂಟ ಬಡಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಸಾಹೇಬರ ಹಟ.

“ಮೇಡಂ ಮೆಚ್ಚಿದರೆ ನೀನು ಉಳಿದೆ. ಇಲ್ಲದಿದ್ದರೆ ಈ ತುಕ್ಕುಚೂರಿಗಳ ಸಮೇತ ಹೊರಗೆ,” ಎಂದರು.

“ಆತ್ರಿ. ನೌಕರಿ ಹೋದ್ರ ಹೋಗ್ಲಿ. ಕೈ ನಂದಾದ ಮ್ಯಾಲ ಚೂರಿನೂ ನಂದ!”

ಕೋಳಿ ಮೇಜಿಗೆ ಬಂತು. ಸಾಹೇಬರು ಅವಸರಿಸಿದರು. ಮಲೀಕಸಾಬ ಕೈ ಕಟ್ಟಿ ನಿಂತ. ಬಿಸಿಯಲ್ಲಿ ಕೊಯ್ದರೆ ರಸವೆಲ್ಲ ಹರಿದುಹೋಗುತ್ತದೆಂದು ಅವನಿಗೆ ಗೊತ್ತು. ಸಾಹೇಬರು ಎರಡು ಸಲ ಕೆಮ್ಮಿದರು. ಕೆಮ್ಮಲಿ!

ಸಾಕಷ್ಟು ಆರಿದ ಮೇಲೆ ಗಿಡ್ಡ ಚೂರಿ ಎತ್ತಿದ. ಬೆರಳಿನಿಂದ ಕೀಲು ಹುಡುಕಿ ಒತ್ತಿದ. ತೊಡೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಆಮೇಲೆ ಉದ್ದ ಚೂರಿ. ಎದೆಯ ಮಾಂಸ ತೆಳ್ಳಗೆ, ಒಂದೇ ಸಮನೆ ಪದರಪದರವಾಗಿ ಎದ್ದಿತು, ಒಂದೂ ಹರಿಯಲಿಲ್ಲ. ತಹಶೀಲ್ದಾರರು “ವಾಹ್!” ಎಂದುಬಿಟ್ಟರು. ಮಲೀಕಸಾಬ ಸಾಹೇಬರ ಮುಖವನ್ನು ನೆಟ್ಟಗೆ ನೋಡಿದ. ತಲೆ ತಗ್ಗಿಸಲಿಲ್ಲ.

ಮೊದಲ ತುಂಡುಗಳು ಮೇಡಂ ತಟ್ಟೆಗೆ ಬಿದ್ದವು. ಸಾಹೇಬರು ಕೋಳಿ ತರಿಸಿದ ಸಾಹಸವನ್ನು ತಹಶೀಲ್ದಾರರಿಗೆ ಬಣ್ಣಿಸಿ ಇತ್ತ ತಿರುಗುವಷ್ಟರಲ್ಲಿ ತಟ್ಟೆ ಖಾಲಿ. ಕುರ್ಚಿಯ ಕೆಳಗೆ ನಾಯಿಯ ಬಾಲ ಆಡುತ್ತಿತ್ತು.

ಮೇಡಂ ಬಾಯಿ ಒರೆಸಿಕೊಂಡು ಇಂಗ್ಲಿಷಿನಲ್ಲಿ ಹೊಗಳಿದರು. ಇಂಥ ಕೈ ತಾನು ಎಲ್ಲೂ ನೋಡಿಲ್ಲ, ಈ ಖಾನಸಾಮ ಇಲ್ಲಿಯೇ ಇರುತ್ತಾನಲ್ಲವೆ ಎಂದು ಕೇಳಿದರು. ತಹಶೀಲ್ದಾರರೂ ಸಾಹೇಬರ ಮುಖ ನೋಡಿದರು. ಸಾಹೇಬರು “ಇರುತ್ತಾನೆ, ನಿವೃತ್ತಿಯವರೆಗೂ ಇರುತ್ತಾನೆ,” ಎಂದರು. ಆಕೆ ಬಿಡಲಿಲ್ಲ. ಬಂಗಲೆಯ ಅಭಿಪ್ರಾಯ ಪುಸ್ತಕ ತರಿಸಿ, ಆ ಮಾತನ್ನು ಸಾಹೇಬರಿಂದಲೇ ಬರೆಸಿ, ರುಜು ಹಾಕಿಸಿದರು. ಮಲೀಕಸಾಬನ ಕಣ್ಣು ತುಂಬಿ ಬಂತು.

“ಮೇಡಂಗೆ ಇನ್ನೆರಡು ತುಂಡು ಬಡಿಸಯ್ಯ,” ಎಂದರು ಸಾಹೇಬರು, ಸೋತ ದನಿಯಲ್ಲಿ.

ಮೇಡಂ ತಟ್ಟೆಗೆ ಅಡ್ಡ ಕೈ ಹಿಡಿದು, ಲಾಲಬಿಯಿಂದ ಕಲಿತ ಅಚ್ಚ ಬಾದಾಮಿ ಮಾತಿನಲ್ಲಿ ಹೇಳಿದರು: “ಬ್ಯಾಡ್ರಿ ಸಾಹೇಬ್ರ, ನಾ ಹುಟ್ಟಿದಾಗಿಂದ ಮಾಂಸ ತಿಂದಾಕಿ ಅಲ್ಲ. ಮೊದಲನೇ ದಿನ ಬಿಟ್ಟದ್ದಕ್ಕ ನೀವು ಇವರಿಗೆ ಬೈದ್ರಿ, ಅದಕ್ಕ ಸುಮ್ಮನಿದ್ದೆ.”