ಒಳಗಿನ ಕಾವಲು

ವೈದ್ಯೆ ವರದಿಯನ್ನು ಮಡಚಿಟ್ಟು, ಎದುರು ಕೂತಿದ್ದ ದಂಪತಿಯಲ್ಲಿ ಹೆಂಡತಿಯನ್ನು ನೋಡಿದರು. "ಯೋನಿಯಲ್ಲಿ ಪರಾವಲಂಬಿ ಸೋಂಕಾಗಿದೆ. ದೈಹಿಕ ಸಂಪರ್ಕದಿಂದ ಬರೋದು."

ಪಕ್ಕದಲ್ಲಿದ್ದ ಗಂಡ ಅವಳತ್ತ ತಿರುಗಿದ. "ಯಾರವನು?"

"ದೇವ್ರಾಣೆಗೂ ಯಾರೂ ಇಲ್ಲ ಕಣ್ರೀ."

"ಮತ್ತೆ ದಿನಾ ಸೋಪು ಹಾಕಿ ಒಳಗೆಲ್ಲ ತೊಳ್ಕೊಳ್ಳೋದು ಏನನ್ನ ಮುಚ್ಚಿಡೋಕೆ?"

"ವಾಸನೆ ಅಂತ ಮುಖ ತಿರುಗಿಸಿದ್ದು ನೀವೇ ಅಲ್ವಾ?"

ವೈದ್ಯೆ ತಡೆದರು. "ಸೋಪು ಹಾಕಿದ್ರೆ ಅಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತಮ್ಮ. ಅವೇ ನಿಮಗೆ ಕಾವಲು. ಕಾವಲಿಲ್ಲದ ಕಡೆ ಹೊರಗಿಂದ ಬಂದ ರೋಗ ಸುಲಭವಾಗಿ ಬೀಡುಬಿಡುತ್ತೆ."

"ಹೊರಗಿಂದ ಬಂದಿದ್ದಂತೆ! ಕೇಳಿಸ್ತಾ?" ಎಂದ ಗಂಡ.

ವೈದ್ಯೆ ಇಬ್ಬರ ಮುಂದೆಯೂ ಮಾತ್ರೆಗಳನ್ನಿಟ್ಟರು.

ಅವನು ತನ್ನದನ್ನು ಹಿಂದಕ್ಕೆ ತಳ್ಳಿದ. "ನನಗ್ಯಾಕೆ ಮೇಡಂ? ನಂಗೆ ಇದು ಹೋದ ವರ್ಷಾನೇ ವಾಸಿಯಾಗಿದೆ!"