ತೊಲೆಗೆ ಅಂಟಿಸಿದ ಗಾಜು

ಬಾಲ್ಕನಿ ಹೊತ್ತ ತೊಲೆಗೆ ಅಂಟಿಸಿದ್ದ ಗಾಜಿನ ಪಟ್ಟಿ ಎರಡು ತುಂಡಾಗಿರುವುದು ಮೊಬೈಲಿನ ಬೆಳಕಿನಲ್ಲಿ ಮಲ್ಲೇಶ್ವರಿಗೆ ಕಂಡಿತು. ತೊಲೆಯ ಹಳೆಯ ಬಿರುಕನ್ನು ಮುಚ್ಚಿಸಿದ ಇಂಜಿನಿಯರ್ ಅದರ ಮೇಲೆ ಅಡ್ಡಲಾಗಿ ಆ ಪಟ್ಟಿ ಕೂರಿಸಿ, "ಇದು ಒಡದ್ರ ಬಿರುಕು ಮತ್ತ ಬಾಯಿ ಬಿಡಾಕತ್ತದ ಅಂತ ತಿಳಕೊಳ್ರಿ" ಎಂದಿದ್ದ. ದುರಸ್ತಿ ನಡೆದಷ್ಟು ದಿನವೂ ಅವಳು ಕತ್ತೆತ್ತಿ ಅದನ್ನೇ ನೋಡುತ್ತಿದ್ದಳು. ಇಂದು ಬೆಳಿಗ್ಗೆಯೂ ಅದು ಇಡಿಯಾಗಿಯೇ ಇತ್ತು.

ರಾಯಚೂರಿನ ಹಳೆ ಪೇಟೆಯಲ್ಲಿ ಅವಳ ಮಾವ ಕಟ್ಟಿಸಿದ್ದ ಟಾಕೀಸು ಅದು. ವರ್ಷಗಟ್ಟಲೆ ಮುಚ್ಚಿದ್ದದ್ದು ಇಂದು ಮತ್ತೆ ಬಾಗಿಲು ತೆರೆದಿತ್ತು. ಮಾನ್ವಿ, ದೇವದುರ್ಗದಿಂದ ಬಂದ ನೆಂಟರೆಲ್ಲ ಮೇಲೆ ಬಾಲ್ಕನಿಯಲ್ಲಿ ಕಿಕ್ಕಿರಿದು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ ಕರೆಮ್ಮ ಇದ್ದಳು.

ಮಲ್ಲೇಶ್ವರಿ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಗೆ ಓಡಿದಳು. ಗಂಡ ಬೀರೇಶ ಅಲ್ಲಿದ್ದ.

"ಗಾಜು ಒಡದದ. ಪಿಚ್ಚರ್ ನಿಲ್ಲಸ್ರಿ, ಎಲ್ಲಾರನ್ನೂ ಕೆಳಗ ಇಳಸೋಣು."

"ಇಂಟರ್‌ವಲ್ ತನಕ ತಡಿ. ಮೊದಲ್ನೇ ದಿನಾನ ಹಿಂಗಾದ್ರ ಮುಂದ ಯಾರು ಬರ್ತಾರ?"

"ನಿಮ್ಮವ್ವ ಮುಂದ ಕುಂತಾಳ್ರೀ."

ಬೀರೇಶ ಅವಳ ಮುಖವನ್ನೊಮ್ಮೆ ನೋಡಿ ಯಂತ್ರ ಆರಿಸಿದ. ಪರದೆ ಕಪ್ಪಾದದ್ದೇ ಬಾಲ್ಕನಿಯಲ್ಲಿ ಗದ್ದಲ ಎದ್ದಿತು. ಅವನು ಗೋಡೆಯ ಮೇಲೆ ದೀಪದ ಸ್ವಿಚ್ಚಿಗಾಗಿ ತಡಕಾಡುತ್ತಿದ್ದಂತೆ ಮಲ್ಲೇಶ್ವರಿ ಬಾಲ್ಕನಿಯ ಬಾಗಿಲು ತೆರೆದು, "ಎಲ್ಲಾರೂ ಸಾವಕಾಶ ಕೆಳಗ ಇಳೀರಿ" ಎಂದು ಕೂಗಿದಳು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಕತ್ತಲಲ್ಲಿ ಯಾರೋ ಸಿಳ್ಳೆ ಹಾಕಿದರು. ಹಿಂದೆ ರೀಲು ಹರಿದಾಗ ಮಾಡುತ್ತಿದ್ದ ಹಾಗೆಯೇ ಒಬ್ಬ ಕಾಲಿನಿಂದ ನೆಲ ಬಡಿದ. ಅವನ ಪಕ್ಕದವನೂ ಬಡಿದ. ಕರೆಮ್ಮ ಗಟ್ಟಿಯಾಗಿ ನಕ್ಕಳು. ನೋಡನೋಡುತ್ತಿದ್ದಂತೆ ಬಾಲ್ಕನಿಯ ತುಂಬ ಎಲ್ಲರೂ ಸೇರಿ, ಒಂದೇ ತಾಳಕ್ಕೆ, ಕಾಲು ಬಡಿಯತೊಡಗಿದರು.