ಯಾರಿಗೂ ಗಾಯವಾಗದ ದವಾಖಾನೆ

ಈ ಮುದುಕನ ನೆನಪು ಕಲಸಿಹೋಗಿದೆ ಎಂದು ನಗುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. ಇದು ನಿಜಾಮರ ಕಾಲದ್ದಲ್ಲ, ನಿನ್ನೆಯದು.

ಜಹೀರಾಬಾದಿನ ಒಂದು ಖಾಸಗಿ ದವಾಖಾನೆ. ಕಸ ಗುಡಿಸುವ ಕೌಶಲ್ಯಾ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಬೆಳಿಗ್ಗೆ ಕಸದ ಚೀಲ ಎತ್ತುವಾಗ ಯಾರೋ ಎಸೆದ ಇಂಜೆಕ್ಷನ್ ಸೂಜಿ ಹೆಬ್ಬೆರಳಿಗೆ ನಾಟಿತ್ತು. ಯಾವ ರೋಗಿಗೆ ಚುಚ್ಚಿದ ಸೂಜಿಯೋ, ಯಾವ ರೋಗವೋ! ಬೇಗ, ಹೆಚ್ಚೆಂದರೆ ಮೂರು ದಿನದೊಳಗೆ, ಎಚ್‌ಐವಿ ತಡೆಯುವ ಗುಳಿಗೆ ಶುರು ಮಾಡಬೇಕು. ಅದು ಅವಳಿಗೂ ಗೊತ್ತು. ಗುಳಿಗೆ ಅಲ್ಲೇ ಕಪಾಟಿನಲ್ಲಿತ್ತು. ಆದರೆ ಅಪಘಾತದ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರಿಗಷ್ಟೇ.

ಹೋದ ವರ್ಷ ಅಲ್ಲೇ ಕೆಲಸಕ್ಕಿದ್ದ ರಾಮುಲು ಬರೆಸಿದ್ದ. ಕಾಲ ಮೇಲೆ ಆಕ್ಸಿಜನ್ ಸಿಲಿಂಡರ್ ಬಿದ್ದಿತ್ತು. ಮರುದಿನ ರಿಜಿಸ್ಟರಿನ ಹಾಳೆಯೂ ಹೋಯಿತು, ಅವನ ಕೆಲಸವೂ ಹೋಯಿತು. ಅಂದಿನಿಂದ ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಸುಟ್ಟರೆ ಮನೆಯಲ್ಲಿ ರೊಟ್ಟಿ ಬಡಿಯುವಾಗ, ಜಾರಿದರೆ ಮನೆಯ ಬಚ್ಚಲಲ್ಲಿ.

ಅಂಥಲ್ಲಿ ಸೂಪರಿಂಟೆಂಡೆಂಟ್ ವೈಜಿನಾಥ ಅದೇ ರಿಜಿಸ್ಟರನ್ನು ಕಂಕುಳಲ್ಲಿ ಒತ್ತಿಕೊಂಡು ವಾರ್ಡಿಗೆ ನುಗ್ಗಿದ. ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

"ಯಾರಿಗರ ಗಾಯ ಆಗ್ಯಾದೇನ್ರಿ? ಲಗೂನ ಹೇಳ್ರಿ."

ಅಷ್ಟೊತ್ತೂ ಕುಂಟುತ್ತಿದ್ದ ವಾರ್ಡ್‌ಬಾಯ್ ಲಿಂಗರಾಜ ಮದುಮಗನಂತೆ ನೆಟ್ಟಗೆ ನಡೆದ. ನರ್ಸ್ ಪ್ರೇಮಲಾ ಬೊಬ್ಬೆಯೆದ್ದ ಕೈಯನ್ನು ಕೋಟಿನ ಜೇಬಿಗೆ ತುರುಕಿದಳು.

"ಏ, ಸೆರಗಿನ್ಯಾಗ ಏನದ?"

"ಈಳಿಗಿ ತಾಗ್ಯಾದ್ರಿ ಸಾಬ್. ಮನ್ಯಾಗ," ಎಂದಳು ಕೌಶಲ್ಯಾ.

"ಸೂಜಿ ಚುಚ್ಚಿಲ್ಲೇನು? ಖರೇ ಹೇಳವ್ವಾ."

ಅವ್ವಾ! ಎಂಟು ವರ್ಷದಲ್ಲಿ ಅವನ ಬಾಯಿಂದ 'ಏ' ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಅವಳು ಸೆರಗನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

"ನಿಮ್ಮ ಪಾದದಾಣಿ ಇಲ್ರಿ."

"ಒಂದು ಹನಿ ರಗತ ಬಂದಿದ್ರೂ ಸಾಕು, ಹೇಳು."

"ಬದ್ನಿಕಾಯಿ ಹೆಚ್ಚಾಗ ಆಗಿದ್ದು ಸಾಬ್. ಬ್ಯಾಕಾದ್ರ ಬದ್ನಿಕಾಯಿ ತಂದು ತೋರಸ್ಲೇನ್ರಿ?"

ವೈಜಿನಾಥ ಹಲ್ಲು ಕಡಿಯುತ್ತ ಮುಂದಿನ ವಾರ್ಡಿಗೆ ಹೋದ. ಕೆಲಸ ಉಳಿಯಿತು, ಬೆರಳು ಶಿವನ ಪಾಲಿಗೆ ಎಂದುಕೊಂಡು ಕೌಶಲ್ಯಾ ತನ್ನೂರು ರಾಯಿಕೋಡಿನ ಬಸ್ಸು ಹತ್ತಿದಳು.

ಅವಳಿಗೆ ಗೊತ್ತಿಲ್ಲದ್ದು ಇಷ್ಟು. ದವಾಖಾನೆಗೆ ಗುಣಮಟ್ಟದ ಸರ್ಟಿಫಿಕೇಟ್ ಕೊಡುವ ಮುಂಚೆ ತಪಾಸಣೆಗೆ ಬಂದಿದ್ದ ಭೂದೇವಿ ಮೇಡಂ ಖಾಲಿ ರಿಜಿಸ್ಟರನ್ನು ಮೇಜಿನ ಮೇಲೆ ಒಗೆದಿದ್ದರು: "ಇನ್ನೂರು ಮಂದ್ಯಾಗ ವರ್ಷದಾಗ ಒಬ್ರಿಗೂ ಏನೂ ಆಗಿಲ್ಲಾ? ಯಾರಿಗೆ ಸುಳ್ಳು ಹೇಳ್ತೀರಿ? ನಾಡಿದ್ದು ಮತ್ತ ಬರ್ತೀನಿ. ಗಾಯ ಆದವ್ರನ್ನ, ಅವ್ರಿಗಿ ಮದ್ದು ಕೊಟ್ಟಿದ್ದನ್ನ ತೋರಸ್ರಿ. ಇಲ್ಲಂದ್ರ ಸರ್ಟಿಫಿಕೇಟ್ ಮರ್ತುಬಿಡ್ರಿ."

ಆದ್ದರಿಂದ ಇದನ್ನು ಕೇಳಿದವರು ಕೇಳಿ ಸುಮ್ಮನಾಗಬೇಡಿ, ರಾಯಿಕೋಡಿನ ಕಡೆಯವರಿಗೆಲ್ಲ ಈಗಲೇ ಕಳಿಸಿ, ಕೌಶಲ್ಯಾಳ ಕಿವಿಗೆ ಮುಟ್ಟಲಿ: ವೈಜಿನಾಥ ಗಾಯಾಳುವನ್ನು ಹುಡುಕುತ್ತಿರುವುದು ಮನೆಗೆ ಕಳಿಸಲು ಅಲ್ಲ ತಾಯಿ, ಕೈಮುಗಿದು ಗುಳಿಗೆ ನುಂಗಿಸಲು!